ಹಳೇ ಲೆನ್ಸು, ನಮ್ಮ ಕಡೆಯ ಬೆಟ್ಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವು. ವಿಷಯವೂ ಒಂದೇ. ಆಟೋಫೋಕಸ್ ಇಲ್ಲದ, ಕೈಯಲ್ಲೇ ರಿಂಗ್ ತಿರುಗಿಸಿ ಫೋಕಸ್ ಮಾಡುವ ಹಳೇ ಲೆನ್ಸುಗಳು, ಅವನ್ನು ಹಾಕಿಕೊಂಡು ಸುತ್ತಾಡಿ ತೆಗೆದ ಫೋಟೊಗಳು. ಅದಕ್ಕೇ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ ಮೀಸಲು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಮಾಡಿದ್ದೇನೆ.

ಪ್ರಶ್ನೆ: ಅಪ್ಪನ ಬೀರುವಿನಲ್ಲಿ ಹಳೇ ಜೆನಿಟ್ ಕ್ಯಾಮೆರಾ ಸಿಕ್ಕಿದೆ. ಲೆನ್ಸಿನ ಮೇಲೆ ರಷ್ಯನ್ ಅಕ್ಷರ, ಪಕ್ಕದಲ್ಲಿ 44-2 ಅಂತ ಇದೆ. ನನ್ನ ಹತ್ತಿರ ನಿಕಾನ್ ಡಿ5300 ಇದೆ, ತಮ್ಮನ ಹತ್ತಿರ ಸೋನಿ ಮಿರರ್‌ಲೆಸ್. ಯಾವುದಕ್ಕೆ ಹಾಕಬಹುದು? ದೇವರಾಯನದುರ್ಗಕ್ಕೆ ಹೋಗುವಾಗ ಇದರಲ್ಲೇ ತೆಗೆಯಬೇಕು ಅಂತ ಆಸೆ.
– ಶಾಲಾ ಶಿಕ್ಷಕಿ, ತುಮಕೂರು

ಉತ್ತರ: ತಮ್ಮನ ಕ್ಯಾಮೆರಾ ಇಸ್ಕೊಳ್ಳಿ. ಅದರೊಳಗೆ ಕನ್ನಡಿ ಇಲ್ಲ, ಮಿರರ್‌ಲೆಸ್ ಅನ್ನುವುದು ಅದಕ್ಕೇ. ನಿಮಗೆ ಸಿಕ್ಕಿರುವುದು ಹೆಲಿಯೋಸ್ 44-2. 58 ಮಿ.ಮೀ., ಎಫ್2. ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟು ಚಿತ್ರದಲ್ಲಿ ಹೆಚ್ಚು ಅಗಲ ಸಿಗುತ್ತದೆ, ಎಫ್ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ಸೋವಿಯತ್ ಕಾಲದಲ್ಲಿ ಜೆನಿಟ್ ಕ್ಯಾಮೆರಾ ಜೊತೆಗೇ ಬರುತ್ತಿದ್ದ ಲೆನ್ಸು ಇದು. ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವೇ ಇದಕ್ಕೆ ಮೂಲ. ಹಿಂಭಾಗದಲ್ಲಿ ತಿರುಪು ಕಾಣುತ್ತದಲ್ಲ, ಅದಕ್ಕೆ ಎಂ42 ಮೌಂಟ್, ಅಂದರೆ ಲೆನ್ಸು ಬಾಡಿಗೆ ಕೂರುವ ಜೋಡಣೆ, ಅಂತಾರೆ.

ನಿಕಾನ್‌ಗೆ ಯಾಕೆ ಬೇಡ ಅಂದರೆ, ಪ್ರತಿ ಮೌಂಟ್‌ಗೂ ಲೆನ್ಸಿನ ಬುಡದಿಂದ ಚಿತ್ರ ಹಿಡಿಯುವ ಸೆನ್ಸರ್‌ವರೆಗೆ ಇಂತಿಷ್ಟೇ ದೂರ ಅಂತ ಲೆಕ್ಕ ಇದೆ. ಎಂ42ಗೆ ಅದು 45.46 ಮಿ.ಮೀ. ನಿಕಾನ್ ಎಫ್ ಮೌಂಟ್‌ಗೆ 46.5 ಮಿ.ಮೀ. ಹಾಗಾಗಿ ನಿಕಾನ್ ಬಾಡಿ ಮೇಲೆ ಲೆನ್ಸು ಇರಬೇಕಾದ ಜಾಗಕ್ಕಿಂತ ಸುಮಾರು ಒಂದು ಮಿಲಿಮೀಟರ್ ಮುಂದೆಯೇ ನಿಂತಿರುತ್ತದೆ, ಅದರ ಮೇಲೆ ಎರಡನ್ನೂ ಜೋಡಿಸುವ ಬಳೆಯಂಥ ಅಡಾಪ್ಟರಿನ ದಪ್ಪ ಬೇರೆ. ಹತ್ತಿರದ ಹೂವು, ಎಲೆ ಚೆನ್ನಾಗೇ ಬರುತ್ತದೆ, ದೂರದ ಬೆಟ್ಟ ಮಾತ್ರ ಫೋಕಸ್ ಆಗುವುದೇ ಇಲ್ಲ. ಒಳಗೆ ಗಾಜು ಇರುವ ಅಡಾಪ್ಟರ್ ಸಿಗುತ್ತದೆ, ಆದರೆ ಆ ಅಗ್ಗದ ಗಾಜು ಲೆನ್ಸಿನ ಗುಣವನ್ನೇ ಕೆಡಿಸುತ್ತದೆ. ಸೋನಿ ಇ ಮೌಂಟ್‌ನಲ್ಲಿ ಈ ದೂರ ಬರೀ 18 ಮಿ.ಮೀ. ಉಳಿದ 27 ಮಿ.ಮೀ. ಚಿಲ್ಲರೆಯನ್ನು ಖಾಲಿ ಕೊಳವೆಯಂಥ ಅಡಾಪ್ಟರ್ ತುಂಬಿಬಿಡುತ್ತದೆ, ಗಾಜಿನ ಗೊಡವೆಯೇ ಇಲ್ಲ. ಕ್ಯಾನನ್ ಆರ್‌ಎಫ್, ನಿಕಾನ್ ಝಡ್, ಫ್ಯೂಜಿ ಮಿರರ್‌ಲೆಸ್ ಇರುವವರಿಗೂ ಇದೇ ಮಾತು. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳು) ದೂರ 44 ಮಿ.ಮೀ. ಇರುವುದರಿಂದ ಅಲ್ಲೂ ತೆಳ್ಳನೆಯ ಅಡಾಪ್ಟರ್‌ನಲ್ಲಿ ಕೂರುತ್ತದೆ. ಫುಲ್ ಫ್ರೇಮ್, ಅಂದರೆ ಫಿಲ್ಮಿನ ಅಳತೆಯ ದೊಡ್ಡ ಸೆನ್ಸರಿನ ಬಾಡಿಯಾದರೆ ಕೆಲವು ಲೆನ್ಸುಗಳ ಹಿಂಭಾಗ ಒಳಗಿನ ಕನ್ನಡಿಗೆ ತಾಗುವುದುಂಟು, ಜೋಪಾನ.

ಕ್ಯಾಮೆರಾದ ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಒತ್ತಲು ಬಿಡುವ ಆಯ್ಕೆಯನ್ನು ಆನ್ ಮಾಡಿ. ಇಲ್ಲದಿದ್ದರೆ ಬಟನ್ ಒತ್ತಿದರೂ ಫೋಟೊ ಬೀಳಲ್ಲ, ಲೆನ್ಸೇ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಬಾಡಿಯಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ 58 ಮಿ.ಮೀ. ಅಂತ ನೀವೇ ಹೇಳಬೇಕು. ಮೋಡ್ ಅಪರ್ಚರ್ ಪ್ರಯಾರಿಟಿಯಲ್ಲಿರಲಿ, ಅಪರ್ಚರ್ ನೀವು ಇಡುತ್ತೀರಿ, ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ನಿಮ್ಮ ಲೆನ್ಸಿನಲ್ಲಿ ಅಪರ್ಚರ್‌ಗೆ ಎರಡು ರಿಂಗ್ ಇವೆ. ಒಂದು ಟಿಕ್ ಟಿಕ್ ಅಂತ ನಿಲ್ಲುತ್ತದೆ, ಇನ್ನೊಂದು ನುಣ್ಣಗೆ ತಿರುಗುತ್ತದೆ. ಟಿಕ್ ಅನ್ನುವುದು ಗಡಿ ಹಾಕುತ್ತದೆ, ನುಣ್ಣನೆಯದು ಆ ಗಡಿಯೊಳಗೆ ತೆರೆದು ಮುಚ್ಚುತ್ತದೆ. ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಗಡಿವರೆಗೆ ಮುಚ್ಚಿ, ಒತ್ತಿ.

ಈ ಲೆನ್ಸು ಹೆಸರುವಾಸಿಯಾಗಿರುವುದು ಹಿನ್ನೆಲೆ ಸುಳಿಯಂತೆ ಸುತ್ತುವುದಕ್ಕೆ. ಅದು ಎಲ್ಲಾ ಫೋಟೊದಲ್ಲೂ ಬರಲ್ಲ. ಅಪರ್ಚರ್ ಪೂರ್ತಿ ತೆರೆದಿರಬೇಕು, ಮನುಷ್ಯ ನಿಮ್ಮಿಂದ ಎರಡು ಮೀಟರ್ ಆಸುಪಾಸಿನಲ್ಲಿರಬೇಕು, ಅವರ ಹಿಂದೆ ಸಾಕಷ್ಟು ದೂರದಲ್ಲಿ ಎಲೆಗಳ ಸಂದಿಯಿಂದ ಬೆಳಕು ತೂರುವ ಮರಗಳಿರಬೇಕು. ದೇವರಾಯನದುರ್ಗದ ಕಾಡಿನ ದಾರಿ, ನಾಮದ ಚಿಲುಮೆ ಸುತ್ತಮುತ್ತ ಇಂಥ ಜಾಗ ಬೇಕಾದಷ್ಟಿವೆ. ಚಿತ್ರದ ಅಂಚಿನಲ್ಲಿ ಬೆಳಕಿನ ದುಂಡು ಚುಕ್ಕೆ ಅರ್ಧ ಕತ್ತರಿಸಿದಂತಾಗಿ ಬೆಕ್ಕಿನ ಕಣ್ಣಿನಾಕಾರ ಪಡೆಯುತ್ತದೆ, ಅವೆಲ್ಲ ನಡುವಿನ ಸುತ್ತ ಸಾಲಾಗಿ ನಿಂತು ಸುಳಿ ಕಾಣುತ್ತದೆ. ಅಂಚಿನ ಆಟವಾದ್ದರಿಂದ ತಮ್ಮನದು ಚಿಕ್ಕ ಸೆನ್ಸರಿನ, ಎಪಿಎಸ್-ಸಿ ಕ್ಯಾಮೆರಾ ಆಗಿದ್ದರೆ ಅರ್ಧಕ್ಕರ್ಧ ಸುಳಿ ಫ್ರೇಮಿನ ಹೊರಗೇ ಉಳಿಯುತ್ತದೆ. ಬೇಜಾರಾಗಬೇಡಿ. ಎಫ್5.6ಕ್ಕೆ ಮುಚ್ಚಿದರೆ ಇದೇ ಲೆನ್ಸು ಬೆಟ್ಟದ ಬಂಡೆಯನ್ನು ಬಹಳ ಗಟ್ಟಿಯಾಗಿ ತೋರಿಸುತ್ತದೆ, ಆ ಕಡೆ ಜಾಸ್ತಿ ಜನ ಗಮನ ಕೊಡುವುದೇ ಇಲ್ಲ.

ಪ್ರಶ್ನೆ: ನಂದಿ ಬೆಟ್ಟದ ಮೇಲಿಂದ ಸ್ಕಂದಗಿರಿ ಕಡೆಗೆ ತೆಗೆದ ಫೋಟೊ ಎಲ್ಲಾ ಮಸುಕು ಮಸುಕು. ರಿಂಗನ್ನು ಅನಂತದ ಗುರುತಿಗೆ, ಅಂದರೆ ಮಲಗಿಸಿದ ಎಂಟರ ಗುರುತಿಗೆ ತಿರುಗಿಸಿಯೇ ಇಟ್ಟಿದ್ದೆ. ಲೆನ್ಸ್ ಹಾಳಾಗಿದೆಯಾ ಸರ್?
– ಬ್ಯಾಂಕ್ ನೌಕರ, ಚಿಂತಾಮಣಿ

ಉತ್ತರ: ಲೆನ್ಸಿಗೆ ಏನೂ ಆಗಿಲ್ಲ, ಅಡಾಪ್ಟರ್ ಕಡೆ ನೋಡಿ. ಅಡಾಪ್ಟರ್ ಮಾಡುವವರು ಅನಂತದ, ಅಂದರೆ ಬಹಳ ದೂರದ, ಫೋಕಸ್ ತಪ್ಪಿಹೋಗಬಾರದು ಅಂತ ಬೇಕೆಂದೇ ಒಂದು ಕೂದಲೆಳೆ ತೆಳ್ಳಗೆ ಮಾಡುತ್ತಾರೆ. ಆಗ ಲೆನ್ಸು ಅನಂತವನ್ನು ದಾಟಿ ಇನ್ನೂ ಸ್ವಲ್ಪ ತಿರುಗುತ್ತದೆ. ಗುರುತಿನ ತನಕ ತಿರುಗಿಸಿ ಇಟ್ಟರೆ ನೀವು ಬೆಟ್ಟವನ್ನೂ ದಾಟಿ ಫೋಕಸ್ ಮಾಡಿದ ಹಾಗೆ, ಎಲ್ಲವೂ ಮೆತ್ತಗೆ ಬರುತ್ತದೆ. ಗುರುತನ್ನು ನಂಬಬೇಡಿ. ಅಪರ್ಚರ್ ಪೂರ್ತಿ ತೆರೆಯಿರಿ, ಪರದೆಯಲ್ಲಿ ಎದುರಿನ ಬೆಟ್ಟದ ಅಂಚನ್ನು ದೊಡ್ಡದು ಮಾಡಿ ನೋಡಿ, ಬಂಡೆ ಆಕಾಶ ಸೇರುವ ಗೆರೆ ಚೂಪಾಗುವವರೆಗೆ ರಿಂಗ್ ಹಿಂದೆ ಮುಂದೆ ಆಡಿಸಿ. ಸಿಕ್ಕ ಜಾಗಕ್ಕೆ ಲೆನ್ಸಿನ ಮೇಲೆ ಬಿಳಿ ಪೇಂಟಿನ ಒಂದು ಚುಕ್ಕೆ ಇಟ್ಟುಬಿಡಿ. ಆ ಅಡಾಪ್ಟರ್ ಜೊತೆ ಅದೇ ನಿಮ್ಮ ನಿಜವಾದ ಅನಂತ.

ಫೋಕಸ್ ಪೀಕಿಂಗ್ ಅಂತ ಬಣ್ಣದ ಗೆರೆ ತೋರಿಸುವ ಸೌಲಭ್ಯ ಇದೆಯಲ್ಲ, ಅದು ಒಳ್ಳೆಯದೇ, ಆದರೆ ಪೂರ್ತಿ ನೆಚ್ಚಿಕೊಳ್ಳಬೇಡಿ. ಎದ್ದು ಕಾಣುವ ಅಂಚು ಎಲ್ಲಿದ್ದರೂ ಅದು ಬಣ್ಣ ಬಳಿಯುತ್ತದೆ. ಫೋಕಸ್ ಹತ್ತಿರ ಬಂದರೆ ಸಾಕು, ಆಯ್ತು ಅಂತ ಹೇಳಿಬಿಡುತ್ತದೆ. ದೊಡ್ಡದು ಮಾಡಿ ನೋಡುವುದೇ ಖಾತ್ರಿ.

ಇನ್ನೊಂದು ವಿಷಯ ಇದೆ. ನಂದಿ ಬೆಟ್ಟ 1478 ಮೀಟರ್ ಎತ್ತರ, ಬೆಳಗಿನ ಹೊತ್ತು ನಡುವೆ ಮಂಜು ಇರುತ್ತದೆ, ಮಂಜು ಕರಗಿದ ಮೇಲೆ ಧೂಳಿನ ಮುಸುಕು. ಐದಾರು ಕಿಲೋಮೀಟರ್ ಗಾಳಿಯ ಆಚೆ ಇರುವುದನ್ನು ಯಾವ ಲೆನ್ಸೂ ಚಾಕುವಿನಿಂದ ಕೊರೆದಂತೆ ತೋರಿಸಲಾರದು. ಒಂದು ಒಳ್ಳೆ ಮಳೆ ಬಿದ್ದು ನಿಂತ ಮಾರನೇ ದಿನ ಹೋಗಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ನಡೆದಾಡುತ್ತಾ ತೆಗೆಯುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ, ಹಳೇ ಲೆನ್ಸಿನ ನಿಜವಾದ ಸುಖ ಇಲ್ಲೇ ಇರುವುದು. 28 ಮಿ.ಮೀ. ಲೆನ್ಸು, ಫುಲ್ ಫ್ರೇಮ್ ಕ್ಯಾಮೆರಾ, ಎಫ್8. ಫೋಕಸ್ ರಿಂಗನ್ನು 3.3 ಮೀಟರ್ ಆಸುಪಾಸಿಗೆ ಇಟ್ಟುಬಿಟ್ಟರೆ ಸುಮಾರು 1.7 ಮೀಟರಿನಿಂದ ಹಿಡಿದು ದೂರದ ಬೆಟ್ಟದ ತನಕ ಎಲ್ಲವೂ ಸ್ಪಷ್ಟ. ಮತ್ತೆ ರಿಂಗ್ ಮುಟ್ಟುವ ಹಾಗೇ ಇಲ್ಲ. ಎಪಿಎಸ್-ಸಿ ಆದರೆ 5 ಮೀಟರ್‌ಗೆ ಇಡಿ, ಸುಮಾರು 2.5 ಮೀಟರಿನಿಂದ ಆಚೆಗೆ ಸಿಗುತ್ತದೆ. ಲೆನ್ಸಿನ ಮೇಲೆಯೇ ಎರಡೂ ಕಡೆ 4, 8, 16 ಅಂತ ಗೆರೆ ಕೆತ್ತಿರುತ್ತಾರೆ, ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಅಂತ ಅದೇ ಹೇಳುತ್ತದೆ. ಅದು ಫಿಲ್ಮ್ ಕಾಲದ ಲೆಕ್ಕ, ಚಿಕ್ಕ ಸೆನ್ಸರ್ ಇರುವವರು ಎಫ್8ರಲ್ಲಿ ತೆಗೆಯುವಾಗ 4ಕ್ಕೂ 8ಕ್ಕೂ ನಡುವಿನ 5.6ರ ಗೆರೆ ನೋಡುವುದು ಕ್ಷೇಮ.

ಪ್ರಶ್ನೆ: ಭೋಗನಂದೀಶ್ವರ ದೇವಸ್ಥಾನ, ಆವನಿ, ಕುರುಡುಮಲೆ, ಎಲ್ಲಾ ಕಡೆ ಒಳಗೆ ಕತ್ತಲು. 50 ಎಫ್1.8 ಲೆನ್ಸನ್ನು ಪೂರ್ತಿ ತೆರೆದು ತೆಗೆದರೆ ಕಂಬದ ಒಂದು ಗೊಂಬೆ ಮಾತ್ರ ಸ್ಪಷ್ಟ, ಪಕ್ಕದ್ದು ಮಸುಕು. ಏನು ಮಾಡೋದು?
– ಕಾಲೇಜು ವಿದ್ಯಾರ್ಥಿ, ಕೋಲಾರ

ಉತ್ತರ: ಅಷ್ಟು ತೆರೆದಾಗ ಎರಡು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದು ಗೇಣಿನಷ್ಟೂ ಇರಲ್ಲ. ಕಂಬಕ್ಕೆ ಓರೆಯಾಗಿ ನಿಂತರೆ ಪಕ್ಕದ ಗೊಂಬೆ ಆ ಗೇಣಿನ ಆಚೆ ಹೋಯಿತು. ಕೆತ್ತನೆಗೆ ನೇರ ಎದುರಾಗಿ ನಿಲ್ಲಿ, ಎಫ್4ಕ್ಕೆ ಮುಚ್ಚಿ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 1600ಕ್ಕೋ 3200ಕ್ಕೋ ಏರಿಸಿ. ಈಗಿನ ಕ್ಯಾಮೆರಾಗಳು ಅಷ್ಟನ್ನು ಸಲೀಸಾಗಿ ತಡೆಯುತ್ತವೆ, ಸ್ವಲ್ಪ ಕಾಳು ಕಾಳು ಕಂಡರೂ ಕಲ್ಲಿನ ಮೇಲೆ ಅದು ಕೆಟ್ಟದಾಗಿ ಕಾಣಲ್ಲ. ಶಟರ್ ಸೆಕೆಂಡಿನ 80ನೇ ಒಂದು ಭಾಗಕ್ಕಿಂತ ಕೆಳಗೆ ಇಳಿಸಬೇಡಿ. ನೆಲದ ಮೇಲೆ ಕೂತು ಮೊಣಕೈಯನ್ನು ಮಂಡಿಗೆ ಊರಿದರೆ ಇನ್ನೂ ಸ್ವಲ್ಪ ಇಳಿಸಬಹುದು. ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮೊದಲೇ ಅನುಮತಿ ಪಡೆದಿರಬೇಕು. ಗರ್ಭಗುಡಿ ಕಡೆ ಕ್ಯಾಮೆರಾ ಎತ್ತುವ ಮುಂಚೆ ಅರ್ಚಕರನ್ನು ಕೇಳಿ, ಬೇಡ ಅಂದರೆ ಬೇಡ.

ಇದಕ್ಕಿಂತ ಮುಖ್ಯ ಬೆಳಕು. ಭೋಗನಂದೀಶ್ವರದ ಕಲ್ಯಾಣ ಮಂಟಪದಲ್ಲಿ ನಾಲ್ಕು ಕರಿಕಲ್ಲಿನ ಕಂಬಗಳಿವೆಯಲ್ಲ, ಅಷ್ಟು ನವುರಾದ ಕೆಲಸ ನಮ್ಮ ಸುತ್ತಮುತ್ತ ಬೇರೆ ಕಡೆ ನೋಡಲು ಸಿಗುವುದು ಕಷ್ಟ. ಮಧ್ಯಾಹ್ನ ಹೋದರೆ ಅಂಗಳದ ಬೆಳಕು ಎಲ್ಲಾ ಕಡೆಯಿಂದ ಬಡಿದು ಕೆತ್ತನೆ ಚಪ್ಪಟೆ ಕಾಣುತ್ತದೆ. ಬೆಳಗ್ಗೆ ಅಥವಾ ಸಂಜೆ ಒಂದೇ ಪಕ್ಕದಿಂದ ಓರೆ ಬೆಳಕು ಬರುವಾಗ ಬಳ್ಳಿ, ಹಕ್ಕಿ, ಗೊಂಬೆಯ ಬೆರಳು ಎಲ್ಲಾ ಎದ್ದು ನಿಲ್ಲುತ್ತವೆ. ಹಳೇ ಲೆನ್ಸುಗಳು ನೆರಳಿನ ಭಾಗವನ್ನು ತೀರಾ ಕಪ್ಪಾಗಿಸದೆ ಸ್ವಲ್ಪ ಮೆದುವಾಗಿ ತೋರಿಸುತ್ತವೆ, ಹೀಗಾಗಿ ದೇವಸ್ಥಾನದ ಒಳಗೆ ಅವು ನನಗೆ ಬಹಳ ಇಷ್ಟ.

ಪ್ರಶ್ನೆ: ನಮ್ಮ ಮಾವ ಸ್ಟುಡಿಯೊ ಇಟ್ಟಿದ್ದರು. ಅವರ ಸೂಪರ್ ಟಾಕುಮಾರ್ 50 ಎಫ್1.4 ಈಗ ನನ್ನ ಹತ್ತಿರ ಇದೆ. ಗಾಜು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ವಿಕಿರಣ ಇರುತ್ತೆ, ಬಿಸಾಕು ಅಂತಾರೆ ಸ್ನೇಹಿತರು. ಇದನ್ನು ಹಾಕಿಕೊಂಡು ಇಲ್ಲಿನ ಸೈನೈಡ್ ದಿಬ್ಬಗಳ ಫೋಟೊ ತೆಗೆಯುತ್ತಿದ್ದೇನೆ.
– ಓದುಗರು, ಕೆಜಿಎಫ್

ಉತ್ತರ: ದಯವಿಟ್ಟು ಬಿಸಾಕಬೇಡಿ, ಬಹಳ ಒಳ್ಳೆಯ ಲೆನ್ಸು ಅದು. ಆ ಕಾಲದಲ್ಲಿ ಬೆಳಕನ್ನು ಜಾಸ್ತಿ ಬಾಗಿಸುವ ಗಾಜು ಬೇಕು ಅಂತ ಅದಕ್ಕೆ ಥೋರಿಯಂ ಬೆರೆಸುತ್ತಿದ್ದರು. ನಿಮ್ಮ ಮಾದರಿಯ ಹಲವು ಲೆನ್ಸುಗಳಲ್ಲಿ ಅದು ಇದೆ. ಥೋರಿಯಂನ ಸಣ್ಣ ವಿಕಿರಣವೇ ವರ್ಷಗಟ್ಟಲೆ ಗಾಜನ್ನು ಹಳದಿ ಮಾಡುವುದು. ಕ್ಯಾಮೆರಾಗೆ ಹಾಕಿ ಫೋಟೊ ತೆಗೆಯುವವರಿಗೆ ಇದರಿಂದ ಹೆದರಿಕೆ ಇಲ್ಲ. ಗಾಜನ್ನು ಉಜ್ಜುವುದು, ಕೆರೆಯುವುದು, ಒಡೆಯುವುದು ಮಾತ್ರ ಬೇಡ. ಭೂತಗನ್ನಡಿಯಂತೆ ಕಣ್ಣಿಗೆ ಹಿಡಿದು ನೋಡುವ ಅಭ್ಯಾಸವೂ ಬೇಡ, ಮಲಗುವ ದಿಂಬಿನ ಹತ್ತಿರ ಇಡುವುದೂ ಬೇಡ.

ಹಳದಿ ಹೋಗುತ್ತದೆ. ನೇರಳಾತೀತ ಬೆಳಕು ಬಿದ್ದರೆ ಗಾಜು ನಿಧಾನವಾಗಿ ತಿಳಿಯಾಗುತ್ತದೆ. ಚಿಕ್ಕ ಯುವಿ ಎಲ್‌ಇಡಿ ದೀಪವನ್ನು ಲೆನ್ಸಿನ ಹಿಂಭಾಗದ ಗಾಜಿನ ಮೇಲೆ ಬೀಳುವಂತೆ ಇಟ್ಟು, ಎದುರು ತುದಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ, ಕೆಲವು ದಿನ ಬಿಡಿ. ಆ ದೀಪವನ್ನು ನೀವು ದಿಟ್ಟಿಸಿ ನೋಡಬಾರದು. ಬಿಸಿಲಿಗೂ ಇಡಬಹುದು, ಆದರೆ ಲೆನ್ಸು ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸಿ ಬಟ್ಟೆ, ಕಾಗದಕ್ಕೆ ಬೆಂಕಿ ಹಚ್ಚಬಲ್ಲದು, ಜೊತೆಗೆ ನಮ್ಮ ಬೇಸಿಗೆಯ ಕಾವಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರಿನ ಬ್ಲೇಡುಗಳಿಗೆ ಹರಿಯುತ್ತದೆ. ದೀಪವೇ ವಾಸಿ.

ದಿಬ್ಬಗಳ ವಿಷಯಕ್ಕೆ ಒಂದು ಮಾತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದರೂ ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಆ ದಿಬ್ಬಗಳು ಹಾಗೇ ಇವೆ, ಗಾಳಿ ಬಂದರೆ ಹಿಟ್ಟಿನಂಥ ಧೂಳು ಏಳುತ್ತದೆ. ಅಲ್ಲಿ ಲೆನ್ಸ್ ಬದಲಾಯಿಸಬೇಡಿ. ಗಾಳಿ ಜೋರಿದ್ದ ದಿನ ಹೋಗಲೇಬೇಡಿ, ನಿಮ್ಮ ಶ್ವಾಸಕೋಶ ಸೆನ್ಸರ್‌ಗಿಂತ ದೊಡ್ಡದು. ಆ ದಿಬ್ಬದ ಮಳೆ ಕೊರೆದ ಗೀರುಗಳನ್ನು ಎಲ್ಲರೂ ತೆಗೆಯುತ್ತಾರೆ. ನಿಮಗೆ ಮಾವನ ಲೆನ್ಸು ಇದೆ, ಗಣಿ ಕಾಲನಿಯ ಮನೆಗಳಲ್ಲಿ ಆ ಕಾಲ ಕಂಡವರು ಇನ್ನೂ ಇದ್ದಾರೆ, ಅವರ ಜೊತೆ ಕೂತು ಮಾತಾಡಿ, ಒಪ್ಪಿದರೆ ಅವರ ಚಿತ್ರ ತೆಗೆಯಿರಿ. ಊರಿನವರಾದ ನೀವು ತೆಗೆಯಬಹುದಾದ ಚಿತ್ರ ಅದು. ಬೆಂಗಳೂರಿನಿಂದ ಒಂದು ದಿನಕ್ಕೆ ಬಂದವರಿಗೆ ಅದು ಸಿಗಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು? ನನ್ನ ಹಳೇ ಲೆನ್ಸ್ ಒಂದರಲ್ಲಿ ಬೂಷ್ಟು ಬಂದಿದೆ. ಊರಲ್ಲಿ ವಾಚ್ ರಿಪೇರಿ ಮಾಡುವವರು ಬಿಚ್ಚಿ ಒರೆಸಿಕೊಡ್ತೀನಿ ಅಂತಿದಾರೆ.
– ಅಂಗಡಿ ಮಾಲೀಕ, ಮಧುಗಿರಿ

ಉತ್ತರ: ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಜಿಲ್ಲೆ ನಮ್ಮದು, ಸಣ್ಣ ಸ್ಕ್ರೂ ಕೆಲಸದಲ್ಲಿ ಪಳಗಿದ ಕೈಗಳ ಮೇಲೆ ನನಗೆ ಅಪಾರ ಗೌರವ. ಆದರೂ ಲೆನ್ಸ್ ಬೇರೆ ವಿದ್ಯೆ. ಒಳಗಿನ ಗಾಜು ಒಂದಿಷ್ಟು ವಾಲಿ ಕೂತರೂ ಚಿತ್ರದ ಒಂದು ಮೂಲೆ ಶಾಶ್ವತವಾಗಿ ಮಸುಕಾಗುತ್ತದೆ. ಫೋಕಸ್ ಆಗುವ ತಿರುಪನ್ನು ಬಿಚ್ಚಿದರೆ ಅದೇ ಜಾಗದಿಂದ ಮತ್ತೆ ಹಚ್ಚಬೇಕು, ಬೇರೆ ಜಾಗದಿಂದ ಹಚ್ಚಿದರೆ ಅನಂತವೇ ಸಿಗಲ್ಲ. ಲೆನ್ಸ್ ಕೆಲಸ ಗೊತ್ತಿರುವವರಿಗೇ ಕೊಡಿ. ಬೂಷ್ಟು ಹೊಸದಾಗಿದ್ದರೆ ಒರೆಸಿದರೆ ಹೋಗುತ್ತದೆ, ಹಳೆಯದಾದರೆ ಗಾಜಿನ ಲೇಪವನ್ನೇ ತಿಂದಿರುತ್ತದೆ, ಗೆರೆ ಉಳಿಯುತ್ತದೆ.

ಕೊಳ್ಳುವಾಗ ಮೊಬೈಲ್ ಟಾರ್ಚ್ ಒಂದಿದ್ದರೆ ಸಾಕು. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಇಡೀ ಗಾಜಿಗೆ ತೆಳ್ಳನೆ ಮಂಜು ಹಿಡಿದಂತಿದ್ದರೆ ಗ್ರೀಸ್ ಆವಿಯಾಗಿ ಕೂತಿದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ ಇದ್ದರೆ ಎರಡು ಗಾಜು ಅಂಟಿಸಿದ ಅಂಟು ಬಿಟ್ಟಿದೆ, ಅದನ್ನು ಕೊಳ್ಳಲೇಬೇಡಿ. ಆಮೇಲೆ ಅಪರ್ಚರ್ ಬ್ಲೇಡು ಒದ್ದೆಯಾಗಿ ಹೊಳೆಯುತ್ತಿದೆಯಾ ನೋಡಿ, ಹೊಳೆದರೆ ಗ್ರೀಸ್ ಅಲ್ಲಿಗೆ ಹರಿದಿದೆ. ಫೋಕಸ್ ರಿಂಗ್ ಒಂದೇ ಸಮ ಬಿಗಿಯಾಗಿ ತಿರುಗಬೇಕು. ನಾಲ್ಕು ಧೂಳಿನ ಕಣ, ಮುಂದಿನ ಗಾಜಿನ ಮೇಲೆ ಕೂದಲಿನಂಥ ಒಂದು ಗೀರು, ಇವುಗಳಿಂದ ಚಿತ್ರಕ್ಕೆ ಏನೂ ಆಗಲ್ಲ, ಚೌಕಾಸಿಗೆ ಮಾತ್ರ ಉಪಯೋಗ.

ಇಡುವುದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆಗೆ. ಅಗ್ಗದ ತೇವಾಂಶ ಮೀಟರ್ ಒಂದನ್ನು ಒಳಗಿಡಿ, 40ರಿಂದ 50 ಶೇಕಡಾ ಇರಲಿ. ಚರ್ಮದ ಹಳೇ ಚೀಲ ನೋಡಲು ಚೆಂದ, ಬೂಷ್ಟು ಬೆಳೆಯಲು ಇನ್ನೂ ಚೆಂದದ ಜಾಗ. ಅದರಿಂದ ಮೊದಲು ಆಚೆ ತೆಗೆಯಿರಿ.

ಪ್ರಶ್ನೆ: ನಾವು ಒಂದಿಷ್ಟು ಗೆಳೆಯರು ರಜಾ ದಿನ ಒಟ್ಟಿಗೆ ಹೋಗಿ, ಹಳೇ ಲೆನ್ಸುಗಳಲ್ಲಿ ತೆಗೆದು, ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತೇವೆ. ಮೊದಲು ಬಹಳ ಹುರುಪಿತ್ತು. ಈಗ ಎಲ್ಲರದ್ದೂ ಒಂದೇ ತರಹ ಕಾಣುತ್ತದೆ, ಯಾರೂ ಏನೂ ಹೇಳುವುದಿಲ್ಲ, ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ. ಏನು ಮಾಡಬಹುದು?
– ಹವ್ಯಾಸಿ ಗುಂಪು, ಚಿಕ್ಕಬಳ್ಳಾಪುರ

ಉತ್ತರ: ಈ ಪ್ರಶ್ನೆ ಬಂದಿದ್ದಕ್ಕೆ ನನಗೆ ನಿಜವಾಗಿ ಖುಷಿಯಾಯಿತು. ಪತ್ರದ ಜೊತೆ ಕಳಿಸಿದ ಫೋಟೊಗಳನ್ನು ನೋಡಿದೆ. ಚೆನ್ನಾಗಿವೆ. ಆದರೆ ಹೆಚ್ಚು ಪಾಲು ಫೋಟೊಗಳಲ್ಲಿ ಕಾಣುವುದು ಲೆನ್ಸು, ಊರಲ್ಲ. ಗುಡಿಬಂಡೆ ಅಂತ ಬರೆದಿದ್ದೀರಿ, ಚಿತ್ರದಲ್ಲಿ ಒಂದು ಹುಲ್ಲಿನ ಎಸಳು, ಹಿಂದೆ ದುಂಡು ದುಂಡು ಬೆಳಕು. ಕೈವಾರ ಅಂತ ಇದೆ, ಒಂದು ಚಪ್ಪಲಿ, ಹಿಂದೆ ದುಂಡು ಬೆಳಕು. ಆ ಮಸುಕು ಸುಂದರವಾದದ್ದೇ, ಹಳೇ ಲೆನ್ಸಿಗೆ ನಾವೆಲ್ಲ ಮರುಳಾಗುವುದು ಅದಕ್ಕೇ. ಆದರೆ ಗುಡಿಬಂಡೆಗೆ ಹೋಗಿ ತೆಗೆದದ್ದನ್ನು ಮನೆ ಹಿಂದಿನ ಬೇಲಿಯಲ್ಲೂ ತೆಗೆಯಬಹುದಿತ್ತು ಅನ್ನಿಸಿದರೆ ನೋಡುವವನಿಗೆ ಹೇಳಲು ಏನು ಉಳಿಯುತ್ತದೆ?

ಮುಂದಿನ ಸಲ ಗುಡಿಬಂಡೆಗೇ ಹೋಗಿ. ಕೋಟೆ ಹತ್ತಿದವರೆಲ್ಲ ಅಮಾನಿ ಭೈರಸಾಗರ ಕೆರೆ ಭಾರತದ ನಕ್ಷೆಯಂತೆ ಕಾಣುತ್ತದೆ ಅಂತ ವೈಡ್ ಲೆನ್ಸಿನಲ್ಲಿ ಅದೊಂದನ್ನೇ ತೆಗೆದು ಇಳಿಯುತ್ತಾರೆ. ನೀವು ಒಬ್ಬೊಬ್ಬರು ಒಂದೊಂದೇ ಲೆನ್ಸ್ ತನ್ನಿ. 28 ತಂದವರು ಮೆಟ್ಟಿಲು, ಕೋಟೆಯ ಗೋಡೆ, ಅಲ್ಲಿಗೆ ಬಂದ ಜನ ತೆಗೆಯಿರಿ. 50 ತಂದವರು ಒಂದೇ ಬಂಡೆಯ ಹತ್ತಿರ ಕೂತು ಬೆಳಕು ಬದಲಾಗುವುದನ್ನು ನೋಡಿ. 135 ತಂದವರು ಕೆರೆಯ ನಕ್ಷೆಯನ್ನು ಮರೆತು ಏರಿಯ ಮೇಲೆ ಹೋಗುವ ಬೈಕು, ಕೆರೆಯ ಅಂಚಿನ ಕುರಿ ಹಿಂಡು, ನೀರು ಇಳಿದ ಗುರುತು ಹುಡುಕಿ. ರಿಂಗ್ ತಿರುಗಿಸುವ ಲೆನ್ಸು ನಿಮ್ಮನ್ನು ನಿಲ್ಲಿಸುತ್ತದೆ, ಒಂದು ಚಿತ್ರಕ್ಕೆ ಹೊತ್ತು ಕೊಡುವಂತೆ ಮಾಡುತ್ತದೆ. ಆ ಹೊತ್ತನ್ನು ಜಾಗ ನೋಡುವುದಕ್ಕೆ ಕೊಡಿ ಅನ್ನುವುದಷ್ಟೇ ನನ್ನ ಕೋರಿಕೆ. ಅಪರ್ಚರ್ ಎಫ್5.6, ಎಫ್8 ಕೂಡ ಇದೆ ಅಲ್ವಾ, ಅದನ್ನೂ ಬಳಸಿ.

ಹಂಚುವಾಗ ತಲಾ ನಾಲ್ಕೇ ಚಿತ್ರ ಅಂತ ಗುಂಪಿನಲ್ಲಿ ನಿಯಮ ಮಾಡಿ. ಐವತ್ತು ಹಾಕಿದರೆ ಯಾರೂ ನೋಡಲ್ಲ. ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಇರಲಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಲೆನ್ಸು, ಯಾವ ಅಪರ್ಚರ್, ಅಲ್ಲಿ ಯಾಕೆ ನಿಂತೆ. ಕೊನೆಯದನ್ನು ಬಿಡಲೇಬೇಡಿ. ನೋಡುವವರು ಮಾತು ಶುರು ಮಾಡುವುದು ಅಲ್ಲಿಂದಲೇ. ಅಪರ್ಚರ್ ಆಗಿಂದಾಗಲೇ ಬರೆದಿಟ್ಟುಕೊಳ್ಳಬೇಕು, ಯಾಕೆಂದರೆ ಈ ಲೆನ್ಸಿಗೂ ಕ್ಯಾಮೆರಾಗೂ ನಡುವೆ ತಂತಿ, ಚಿಪ್ ಏನೂ ಇಲ್ಲ, ಫೈಲಿನೊಳಗೆ ಶಟರ್, ಐಎಸ್‌ಒ ದಾಖಲಾಗುತ್ತದೆ, ಅಪರ್ಚರ್ ಮತ್ತು ಲೆನ್ಸಿನ ಹೆಸರು ದಾಖಲಾಗುವುದಿಲ್ಲ. ಮೊಬೈಲ್‌ನಲ್ಲಿ ಧ್ವನಿ ಟಿಪ್ಪಣಿ ಮಾಡಿಕೊಂಡರೂ ಆಯಿತು. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಲೆನ್ಸಿನ ಗುಣ ನೋಡಬೇಕು ಅಂತ ಇಷ್ಟೆಲ್ಲ ಮಾಡಿ ಕೊನೆಗೆ ಹಿಂಡಿದ ಚಿತ್ರ ನೋಡುವುದು ಬೇಡ.

ಇನ್ನು ಹೆಬ್ಬೆರಳು. ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಒಂದು ಪ್ರಶ್ನೆಯಾದರೂ ಕೇಳಲಿ. ‘ಇನ್ನೊಂದು ಹೆಜ್ಜೆ ಎಡಕ್ಕೆ ಹೋಗಿದ್ದರೆ ಆ ಕಂಬಿ ತಪ್ಪುತ್ತಿತ್ತಾ?’ ಅಂತ ಕೇಳಿದರೆ ಯಾರಿಗೂ ನೋವಾಗಲ್ಲ. ಗೊತ್ತಿರುವವರ ನಡುವೆ ಇಷ್ಟು ನೇರ ಮಾತು ಇರಲೇಬೇಕು.

ಪ್ರಶ್ನೆ: ಕಗ್ಗಲಡುವಿನ ಹಕ್ಕಿಗಳನ್ನು 135 ಎಂಎಂ ಹಳೇ ಲೆನ್ಸಿನಲ್ಲಿ ತೆಗೆಯಬಹುದಾ? ಎಲ್ಲರೂ ದೊಡ್ಡ ದೊಡ್ಡ ಲೆನ್ಸ್ ತರ್ತಾರೆ.
– ಓದುಗರು, ಶಿರಾ

ಉತ್ತರ: ಖಂಡಿತ. ಅಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳ ಮೇಲೆ. ಹಕ್ಕಿಯ ಕಣ್ಣಿನ ರೆಪ್ಪೆ ತೆಗೆಯಲು ಆಗಲ್ಲ, ನಿಜ. ಆದರೆ ಮರ, ಗೂಡು, ಕೆಳಗೆ ಮನೆ, ಹಟ್ಟಿ, ನೀರು ತರುವ ಜನ, ಇಷ್ಟೂ ಒಂದೇ ಚೌಕಟ್ಟಿನಲ್ಲಿ ಸಿಗುವುದು ಚಿಕ್ಕ ಲೆನ್ಸಿಗೇ. ಜನ ಮತ್ತು ಹಕ್ಕಿ ಒಟ್ಟಿಗೆ ಬದುಕುವ ಊರು ಅದು, ಅದನ್ನು ತೋರಿಸಿ. ಹಾರುವ ಹಕ್ಕಿಯನ್ನು ರಿಂಗ್ ತಿರುಗಿಸುತ್ತಾ ಹಿಂಬಾಲಿಸಲು ಹೋಗಬೇಡಿ. ಅದು ಇಳಿಯುವ ಗೂಡಿಗೆ ಮೊದಲೇ ಫೋಕಸ್ ಮಾಡಿ, ಎಫ್8, ಶಟರ್ ಸಾವಿರದ ಒಂದು ಭಾಗ, ಕಾಯಿರಿ. ಗೂಡಿನ ತೀರಾ ಹತ್ತಿರ ಹೋಗಬೇಡಿ, ಚಪ್ಪಾಳೆ ತಟ್ಟಿ ಎಬ್ಬಿಸುವುದಂತೂ ಬೇಡವೇ ಬೇಡ.

ಪ್ರಶ್ನೆ: ನಿಕಾನ್‌ನ ಹಳೇ ಮ್ಯಾನುಯಲ್ ಲೆನ್ಸ್ ನನ್ನ ಡಿ7200ಗೆ ಹಾಕಬಹುದಾ?
– ಓದುಗರು, ತಿಪಟೂರು

ಉತ್ತರ: 1977ರಿಂದ ಬಂದ ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್, ಅಪರ್ಚರ್ ಎಷ್ಟಿದೆ ಅಂತ ಕ್ಯಾಮೆರಾಗೆ ತಿಳಿಸುವ ಏರ್ಪಾಡು) ಮಾದರಿಯಾದರೆ ನೇರವಾಗಿ ಹಾಕಿ, ಮೆನುವಿನಲ್ಲಿ ಲೆನ್ಸಿನ ಮಿ.ಮೀ. ಸಂಖ್ಯೆ, ದೊಡ್ಡ ಅಪರ್ಚರ್ ಎಷ್ಟು ಅಂತ ತುಂಬಿಸಿದರೆ ಬೆಳಕು ಅಳೆಯುವ ಮೀಟರ್ ಕೆಲಸ ಮಾಡುತ್ತದೆ. ಅದಕ್ಕಿಂತ ಹಿಂದಿನದನ್ನು ಮಾರ್ಪಾಡು ಮಾಡಿಸದೆ ಹಾಕಬೇಡಿ, ಬಾಡಿಯ ಅಂಚಿನಲ್ಲಿರುವ ಚಿಕ್ಕ ಕೊಂಡಿ ಮುರಿಯುತ್ತದೆ. ಡಿ5300, ಡಿ7500 ಇರುವವರಿಗೆ ಎಐ ಲೆನ್ಸು ಕೂರುತ್ತದೆ, ಮೀಟರ್ ಸಿಗಲ್ಲ.

ಪ್ರಶ್ನೆ: ನಮ್ಮ ಕಡೆ ಬಿಸಿಲು ವಿಪರೀತ. ಪರದೆ ಕಾಣಲ್ಲ, ಚಿತ್ರವೆಲ್ಲ ಬೆಳ್ಳಗೆ ತೊಳೆದಂತೆ ಬರುತ್ತದೆ. ಮೀಟರ್ ಬೇರೆ ನಂಬುವಂತಿಲ್ಲ.
– ರೈತರು, ಪಾವಗಡ

ಉತ್ತರ: ಬಿಸಿಲಿಗೆ ಫಿಲ್ಮ್ ಕಾಲದ ಲೆಕ್ಕ ಈಗಲೂ ಸರಿ. ಎಫ್16 ಇಟ್ಟು, ಐಎಸ್‌ಒ ಎಷ್ಟೋ ಶಟರ್ ಅಷ್ಟನೇ ಒಂದು ಭಾಗ. ಐಎಸ್‌ಒ 100, ಎಫ್16, ಶಟರ್ 100ರ ಒಂದು ಭಾಗ. ಎಫ್8ಕ್ಕೆ ತೆರೆದರೆ ಬೆಳಕು ನಾಲ್ಕು ಪಟ್ಟು, ಹಾಗಾಗಿ ಶಟರ್ 400ರ ಒಂದು ಭಾಗ. ಎರಡು ದಿನ ಅಭ್ಯಾಸ ಮಾಡಿದರೆ ಪರದೆ ನೋಡುವುದೇ ಬೇಕಾಗಲ್ಲ. ಬೆಳ್ಳಗಾಗುವುದಕ್ಕೆ ಕಾರಣ ಹಳೇ ಗಾಜಿನ ತೆಳು ಲೇಪ. ಪಕ್ಕದಿಂದ ಬಿದ್ದ ಬಿಸಿಲು ಒಳಗೇ ಪುಟಿದು ಚಿತ್ರದ ಕಪ್ಪನ್ನು ತಿಂದುಹಾಕುತ್ತದೆ. ಲೆನ್ಸಿನ ಮುಂದೆ ನೆರಳಾಗುವ ಒಂದು ರಬ್ಬರ್ ಹುಡ್ ಹಾಕಿ. ಹೆಲಿಯೋಸ್ 44-2, ಟಾಕುಮಾರ್ 50 ಎರಡಕ್ಕೂ 49 ಮಿ.ಮೀ. ಅಳತೆಯದು ಸರಿಹೋಗುತ್ತದೆ. ಅದೂ ಇಲ್ಲದಿದ್ದರೆ ಟೋಪಿಯನ್ನು ಲೆನ್ಸಿಗೆ ನೆರಳಾಗುವಂತೆ ಹಿಡಿಯಿರಿ. ಸೋಲಾರ್ ಪಾರ್ಕಿನ ಫಲಕಗಳ ಚಿತ್ರ ಕಳಿಸಿದ್ದೀರಲ್ಲ, ಸೂರ್ಯ ನಿಮ್ಮ ಪಕ್ಕಕ್ಕೆ ಬಂದಾಗ ರಸ್ತೆಯಿಂದಲೇ ಇನ್ನೊಮ್ಮೆ ತೆಗೆದು ನೋಡಿ.

ಪ್ರಶ್ನೆ: ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಜನರ ಫೋಟೊ ತೆಗೆಯಬೇಕು ಅಂತಿದೆ. ಕ್ಯಾಮೆರಾ ಎತ್ತಿದರೆ ಮುಖ ತಿರುಗಿಸ್ತಾರೆ.
– ಹವ್ಯಾಸಿ ಛಾಯಾಗ್ರಾಹಕಿ, ಶಿಡ್ಲಘಟ್ಟ

ಉತ್ತರ: ಅವರು ದುಡಿಮೆಯಲ್ಲಿರುತ್ತಾರೆ, ಹರಾಜಿನ ಹೊತ್ತಿನಲ್ಲಿ ಅಡ್ಡ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮಾರುಕಟ್ಟೆ ಕಚೇರಿಯಲ್ಲಿ ಮೊದಲು ಕೇಳಿ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ಗೂಡು ನೋಡಿ, ದರ ಕೇಳಿ, ಮಾತಾಡಿ. ಆಮೇಲೆ ‘ಅಣ್ಣಾ, ಒಂದು ಫೋಟೊ ತೆಗೀಲಾ?’ ಅಂತ ಕೇಳಿ ತೆಗೆಯಿರಿ. ಕದ್ದು ತೆಗೆದದ್ದರಲ್ಲಿ ಬರೀ ಬೆನ್ನು, ಕಿವಿ ಬರುತ್ತದೆ. ಹಳೇ ಲೆನ್ಸಿನ ಒಂದು ಅನುಕೂಲ ಅಂದರೆ ಅದು ಚಿಕ್ಕದು, ಹಳೇದು, ಇದೇನಿದು ಅಂತ ಅವರೇ ಕೇಳುತ್ತಾರೆ, ಅವರ ಕೈಗೂ ಕೊಟ್ಟು ರಿಂಗ್ ತಿರುಗಿಸಲು ಬಿಡಿ. ತೆಗೆದ ಮೇಲೆ 4x6 ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಟ್ಟು ಬನ್ನಿ. ಮಾತು ಕೊಟ್ಟು ಕೊಡದೇ ಇದ್ದರೆ ನಿಮ್ಮ ನಂತರ ಬರುವವರಿಗೂ ಬಾಗಿಲು ಮುಚ್ಚುತ್ತದೆ.

ಪ್ರಶ್ನೆ: ಒಂದೇ ಒಂದು ಹಳೇ ಲೆನ್ಸ್ ಕೊಳ್ಳುವಷ್ಟು ದುಡ್ಡಿದೆ. ಯಾವುದು ತಗೊಳ್ಳಲಿ?
– ಓದುಗರು, ಮಾಲೂರು

ಉತ್ತರ: ಎಪಿಎಸ್-ಸಿ ಕ್ಯಾಮೆರಾ ಆದರೆ 28 ಎಫ್2.8. ಅದು ಅಲ್ಲಿ ಫುಲ್ ಫ್ರೇಮಿನ 42 ಮಿ.ಮೀ. ಲೆನ್ಸಿನಂತೆ ಕಾಣುತ್ತದೆ, ದೇವಸ್ಥಾನ, ಸಂತೆ, ಬೆಟ್ಟ ಎಲ್ಲಕ್ಕೂ ಆಗುತ್ತದೆ. ಫುಲ್ ಫ್ರೇಮ್ ಆದರೆ 50 ಎಫ್1.8 ಅಥವಾ ಎಫ್2, ಯಾವ ಕಂಪನಿಯದಾದರೂ ಸರಿ. ಎಫ್1.4ಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಉಳಿದದ್ದರಲ್ಲಿ ಅಲ್ಲಾಡದ ಒಂದು ಒಳ್ಳೆ ಅಡಾಪ್ಟರ್ ಮತ್ತು ಹುಡ್ ತಗೊಳ್ಳಿ.